ಜಿಬ್ರಾಲ್ಟರ್: ಅಡಿಟಿಪ್ಪಣಿಯಲ್ಲಿ ಹತ್ತಿಕೊಂಡ ವೀಸಾ ಜಗಳ

2019ರ ಆರಂಭ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವ ತಯಾರಿಯಲ್ಲಿತ್ತು. ಆಮೇಲೆ ಬ್ರಿಟಿಷರಿಗೆ ವೀಸಾ ಬೇಕಾ? ಬೇಡ, ಪ್ರತಿ 180 ದಿನಗಳಲ್ಲಿ 90 ದಿನ ಹಾಗೇ ಬಂದಿರಲಿ, ಬ್ರಿಟನ್ನೂ ನಮ್ಮವರಿಗೆ ವೀಸಾ ಕೇಳಬಾರದು ಅಷ್ಟೇ ಎಂದಿತು ಒಕ್ಕೂಟ. ಇದರಲ್ಲಿ ತಕರಾರಿರಲಿಲ್ಲ.

ಜಗಳ ಹತ್ತಿದ್ದು ಅಡಿಟಿಪ್ಪಣಿಯಲ್ಲಿ. ಸ್ಪೇನ್‌ನ ದಕ್ಷಿಣ ತುದಿಗೆ ಅಂಟಿಕೊಂಡ, ಬ್ರಿಟನ್ ಕೈಯಲ್ಲಿರುವ ಪುಟ್ಟ ಊರು ಜಿಬ್ರಾಲ್ಟರ್. ಸ್ಪೇನ್ ಪಟ್ಟು ಹಿಡಿದು ಈ ವೀಸಾ ಕಾನೂನಿನ ಕರಡಿನಲ್ಲಿ ಒಂದು ಮಾತು ಸೇರುವಂತೆ ಮಾಡಿತು: ಜಿಬ್ರಾಲ್ಟರ್ ಬ್ರಿಟಿಷ್ ರಾಜಸತ್ತೆಯ ವಸಾಹತು, ಅದರ ಒಡೆತನದ ವಿವಾದ ವಿಶ್ವಸಂಸ್ಥೆಯ ನಿರ್ಣಯಗಳಿಗೆ ತಕ್ಕಂತೆ ಬಗೆಹರಿಯಬೇಕು. ಇದರಿಂದ ಜಿಬ್ರಾಲ್ಟರ್‌ನವರ 90 ದಿನದಲ್ಲಿ ಒಂದು ದಿನವೂ ಕಡಿಮೆ ಆಗಲ್ಲ.

ಹಾಗಾದರೆ ಸುಮ್ನೆ ಗಲಾಟೆ ಯಾಕೆ? 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಸ್ಪೇನ್ ಜಿಬ್ರಾಲ್ಟರನ್ನು ಬಿಟ್ಟುಕೊಟ್ಟಿತು. ಆದರೆ ಕೊಟ್ಟಿದ್ದು ಊರು, ಕೋಟೆ, ಬಂದರು ಮಾತ್ರ, ಊರನ್ನು ಸ್ಪೇನ್‌ಗೆ ಸೇರಿಸುವ ಕಿರಿದಾದ ನೆಲದ ಪಟ್ಟಿ ಕೊಟ್ಟಿಲ್ಲ ಎನ್ನುತ್ತದೆ ಸ್ಪೇನ್. ಈಗ ವಿಮಾನ ನಿಲ್ದಾಣ ಇರುವುದು ಆ ಪಟ್ಟಿಯ ಮೇಲೇ! 1946ರಿಂದ ವಿಶ್ವಸಂಸ್ಥೆಯ ಸ್ವಯಂ ಆಡಳಿತವಿಲ್ಲದ ಪ್ರದೇಶಗಳ ಪಟ್ಟಿಯಲ್ಲಿ ಜಿಬ್ರಾಲ್ಟರ್ ಇದೆ. ವಸಾಹತು ಅಂದರೆ ಅದನ್ನು ಬಿಡಬೇಕು, ಬಿಟ್ಟರೆ ನಮಗೇ ವಾಪಸ್ ಬರಬೇಕು ಎಂಬುದು ಸ್ಪೇನ್‌ನ ಲೆಕ್ಕ. ಬ್ರಿಟನ್ ಹೇಳುವುದು ಬೇರೆ: ತಮ್ಮ ಭವಿಷ್ಯವನ್ನು ಜನರೇ ನಿರ್ಧರಿಸಬೇಕು ಎನ್ನುತ್ತದೆ ವಿಶ್ವಸಂಸ್ಥೆಯ ಸನದು, ಹಾಗಾಗಿ ಅಲ್ಲಿನ ಜನರನ್ನೇ ಕೇಳಿ. 1967ರ ಜನಮತದಲ್ಲಿ ಸ್ಪೇನ್ ಪರ ಬಿದ್ದ ಮತ ಬರೀ 44. 2002ರಲ್ಲಿ ಇಬ್ಬರೂ ಒಡೆತನ ಹಂಚಿಕೊಳ್ಳುವ ಯೋಚನೆಯನ್ನು ಸುಮಾರು 99% ಜನ ತಳ್ಳಿಹಾಕಿದರು. ಎರಡೂ ಕಡೆಯವರು ವಿಶ್ವಸಂಸ್ಥೆಯ ಹೆಸರನ್ನೇ ಹೇಳುತ್ತಾರೆ, ನೋಡಿ.

ಯುರೋಪಿಯನ್ ಸಂಸತ್ತಿನಲ್ಲಿ ಈ ಕಡತ ನೋಡಿಕೊಳ್ಳುತ್ತಿದ್ದವರು ಬ್ರಿಟನ್ನಿನ ಲೇಬರ್ ಸದಸ್ಯ ಕ್ಲಾಡ್ ಮೊರೇಸ್. ಅವರು ಅಡಿಟಿಪ್ಪಣಿಗೆ ಒಪ್ಪಲಿಲ್ಲ. ಅವರನ್ನು ಬದಲಿಸಿ ಬಲ್ಗೇರಿಯಾದ ಸೆರ್ಗೆಯ್ ಸ್ತಾನಿಶೆವ್ ಅವರನ್ನು ತಂದರು. ಏಪ್ರಿಲ್ 12ಕ್ಕೆ ಬ್ರಿಟನ್ ಒಪ್ಪಂದವಿಲ್ಲದೆ ಹೊರಬೀಳಬಹುದಿತ್ತು. ಅಷ್ಟರೊಳಗೆ ಕಾನೂನು ಬೇಕಿತ್ತು, ಎಳೆದಾಡಲು ಟೈಮ್ ಇರಲಿಲ್ಲ. ಸ್ಪೇನ್‌ಗೆ ಸಿಕ್ಕ ಬಲವೇ ಇದು ಅಂತ ನನಗನಿಸುತ್ತದೆ. ಏಪ್ರಿಲ್ 4ರಂದು 502 ಪರ, 81 ವಿರುದ್ಧ ಮತ ಬಿದ್ದು ಅಡಿಟಿಪ್ಪಣಿ ಸಮೇತ ಪಾಸಾಯಿತು.

ಬ್ರಿಟನ್ ಸದಸ್ಯನಾಗಿದ್ದಷ್ಟು ದಿನ ಇಂಥ ಸಾಲನ್ನು ಮೇಜಿನ ಮೇಲೇ ತಡೆಯಲು ಅದಕ್ಕೆ ಅವಕಾಶ ಜಾಸ್ತಿ ಇತ್ತು, ಅಲ್ವಾ? ಹೊರಗೆ ಹೋಗುವವರ ಮಾತಿಗೆ ಆ ತೂಕ ಉಳಿಯಲಿಲ್ಲ. 2016ರಲ್ಲಿ ಒಕ್ಕೂಟದಲ್ಲೇ ಇರೋಣ ಎಂದು ಸುಮಾರು 96% ಮತ ಹಾಕಿದ್ದು ಇದೇ ಜಿಬ್ರಾಲ್ಟರ್.