ಸರ್, ಆ ಪಿಡಿಎಫ್ ಇನ್ನೊಮ್ಮೆ ಹಾಕಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಕೊಪ್ಪಳದ ಕಡೆ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಶುರುವಾಗುತ್ತದೆ. ಪಾಸಿಂಗ್ ಪ್ಯಾಕೇಜ್, ಪ್ರಶ್ನೆಕೋಠಿ, ಎಲ್ಲ ಬಂದು ಹೋಗಿರುತ್ತದೆ. ಬೇಕಾದಾಗ ಮಾತ್ರ ಸಿಗುವುದಿಲ್ಲ. ಕುಷ್ಟಗಿಯ ಗಣಿತದ ಮಾಸ್ತರು ರಾತ್ರಿ ಕೂತು ಮಾಡಿದ ನೋಟ್ಸ್ ಯಲಬುರ್ಗಾದವರ ಕಣ್ಣಿಗೇ ಬೀಳುವುದಿಲ್ಲ.

ಈ ತೊಂದರೆ ವಾಟ್ಸಾಪ್‌ಗಿಂತ ಹಳೆಯದು.

ಮೊದಲು ಕನ್ನಡ ಟೈಪಿಂಗ್ ಅಂದರೆ ಡಿಟಿಪಿ ಅಂಗಡಿ. ಅಲ್ಲಿ ನುಡಿ, ಇಲ್ಲವೇ ಬರಹ ಅನ್ನುವ ಕನ್ನಡ ತಂತ್ರಾಂಶ. ಅಚ್ಚಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಆ ಹಳೆಯ ಫಾಂಟುಗಳಲ್ಲಿ ಬರೆದದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ತೊಡಿಸಿದ ಕನ್ನಡದ ಅಂಗಿ. ಫಾಂಟ್ ಇಲ್ಲದ ಕಡೆ ತೆರೆದರೆ ಅಂಗಿ ಕಳಚಿ ಬೀಳುತ್ತಿತ್ತು. ಹುಡುಕಿದರೂ ಸಿಗುತ್ತಿರಲಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ಹಳೆಯ ಫಾಂಟು ಬಿಡಲು ನಮಗೆ ವರ್ಷಗಟ್ಟಲೆ ಬೇಕಾಯಿತು. ಇನ್ನೂ ಬಿಡದವರಿದ್ದಾರೆ, ಇರಲಿ.

ಅತ್ತ 1995ರಲ್ಲಿ ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ ವಿಕಿ ತಂದರು. ಬ್ರೌಸರಿನಲ್ಲೇ ಬರೆ, ಅಲ್ಲೇ ತಿದ್ದು, ಅಷ್ಟೇ. 2003ರಲ್ಲಿ ಕನ್ನಡ ವಿಕಿಪೀಡಿಯ ಬಂತು. 2013ರ ಹೊತ್ತಿಗೆ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಐಟಿ ಫಾರ್ ಚೇಂಜ್ ಸೇರಿ ಕೋಯರ್ ಅನ್ನುವ ಜಾಲತಾಣ ಶುರುಮಾಡಿದವು: ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೇ ಅದು ನಿಂತಿದೆ. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರೇ ಪಾಠಕ್ಕೆ ಬೇಕಾದ್ದನ್ನು ಬರೆದು ಸೇರಿಸಬೇಕು ಅನ್ನುವುದು ಯೋಚನೆ.

ಅಂಥ ಪುಟಕ್ಕೆ ಒಂದೇ ವಿಳಾಸ. ನಮ್ಮ ಗವಿಮಠದ ಬಂಡೆ ಮೇಲಿನ ಅಶೋಕನ ಶಾಸನದ ಹಾಗೆ, ಇದ್ದಲ್ಲೇ ಇರುತ್ತದೆ. ಬೇಕಾದವರು ಹೋಗಿ ಓದುತ್ತಾರೆ. ಬಂಡೆಯನ್ನು ತಿದ್ದಲಾಗದು, ಇದನ್ನು ತಿದ್ದಬಹುದು. ಯಾರು ಯಾವಾಗ ಏನು ಬದಲಿಸಿದರು ಅನ್ನುವುದೂ ಅಲ್ಲೇ ಉಳಿಯುತ್ತದೆ. ಪಿಡಿಎಫ್‌ನ ಕಥೆ ಬೇರೆ. ಮೂರನೇ ಲೆಕ್ಕದ ಉತ್ತರ ತಪ್ಪಿದ್ದರೆ ತಪ್ಪು ಪ್ರತಿಯೂ ಸರಿ ಪ್ರತಿಯೂ ಜೊತೆಜೊತೆಗೆ ಊರೂರು ತಿರುಗುತ್ತವೆ.

ಹಾಗಾದರೆ ಎಲ್ಲರೂ ವಾಟ್ಸಾಪ್‌ಗೇ ಯಾಕೆ ಅಂಟಿಕೊಂಡರು? ಅದಕ್ಕೆ ತರಬೇತಿ ಬೇಡ, ಪಾಸ್‌ವರ್ಡ್ ನೆನಪಿಡಬೇಕಿಲ್ಲ, ಮೊಬೈಲ್ ಕೈಯಲ್ಲೇ ಇರುತ್ತದೆ. ವಿಕಿಯಲ್ಲಿ ತಲೆಬರಹ ಹಾಕಲು ಸಮ ಚಿಹ್ನೆ ಎರಡೆರಡು ಸಲ ಒತ್ತಬೇಕು ಅಂದರೆ ಸಾಕು, ಅರ್ಧ ಜನ ಎದ್ದು ಹೋಗುತ್ತಾರೆ. ಅವರದ್ದು ತಪ್ಪು ಅಂತ ನನಗನ್ನಿಸುವುದಿಲ್ಲ. ಬೆಳಗ್ಗೆಯಿಂದ ಪಾಠ, ಬಿಸಿಯೂಟದ ಲೆಕ್ಕ, ಆಮೇಲೆ ಇದು, ಅಲ್ವಾ?

ಈಗ ಬರುವ ಪಿಡಿಎಫ್‌ಗಳಲ್ಲಿ ಎಷ್ಟೋ ಸಲ ಅಕ್ಷರಗಳೇ ಇರುವುದಿಲ್ಲ. ಕೈಬರಹದ ಹಾಳೆಯನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದು ಸೇರಿಸಿರುತ್ತಾರೆ. ಡಿಟಿಪಿ ಕಾಲದಲ್ಲಿ ಅಂಗಿಯಾದರೂ ಇತ್ತು.