ಕ್ಯಾಡ್ ನಕ್ಷೆಯಲ್ಲಿ ಮತ್ತೆ ಮತ್ತೆ ಬಳಸುವ ಟಿಪ್ಪಣಿ: ಆಟ್ರಿಬ್ಯೂಟ್ ಎಲ್ಲಿ, ಫೀಲ್ಡ್ ಎಲ್ಲಿ?

ಬೆಂಗಳೂರಿನ ಯಾವುದಾದರೂ ಥರ್ಟಿ-ಫಾರ್ಟಿ ಸೈಟಿನ ಮನೆ ನಕ್ಷೆ ತೆರೆಯಿರಿ. ಸಂಪಿನ ಪಕ್ಕ ಒಂದು ಟಿಪ್ಪಣಿ ಇರುತ್ತದೆ. 1200 ಚದರಡಿ ಮತ್ತು ಅದಕ್ಕೂ ದೊಡ್ಡ ಸೈಟಿನ ಹೊಸ ಮನೆಗೆ ಜಲಮಂಡಳಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿರುವುದರಿಂದ ಇಂಗುಗುಂಡಿಗೂ ಒಂದು ಇರುತ್ತದೆ. ಕೋಣೆಗಳಿಗೆ ಹೆಸರು, ಅಳತೆ. ಬಾಗಿಲಿಗೆ ಡಿ1, ಕಿಟಕಿಗೆ ಡಬ್ಲ್ಯೂ1. ಮುಂದಿನ ಸೈಟಿನ ನಕ್ಷೆಯಲ್ಲೂ ಇವೇ ಬರುತ್ತವೆ, ಅಂಕಿ ಮಾತ್ರ ಬೇರೆ. ಹಳೇ ಫೈಲಿನಿಂದ ಟೆಕ್ಸ್ಟ್ ಕಾಪಿ ಮಾಡಿ ತಂದು ತಿದ್ದುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ತಿದ್ದದೆ ಬಿಟ್ಟುಹೋದ ಒಂದು ಅಂಕಿ ಪ್ರಿಂಟಾಗಿ ಸೈಟಿಗೆ ಹೋದರೆ, ಮೇಸ್ತ್ರಿ ಕಾಗದದಲ್ಲಿ ಇದ್ದಂತೆಯೇ ಗುಂಡಿ ತೋಡಿಸುತ್ತಾರೆ. ಅದಕ್ಕೇ ಈ ವಿಷಯವನ್ನು ಸರಿಯಾಗಿ ಕಲಿಯಬೇಕು.

ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಯಾವ ಕಮಾಂಡನ್ನೂ ಮುಟ್ಟುವ ಮೊದಲು ಟಿಪ್ಪಣಿಯನ್ನು ಒಮ್ಮೆ ಓದಿ, ಪ್ರತಿ ಪದಕ್ಕೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದನ್ನು ಬಲ್ಲವರು ಯಾರು? ಎಲ್ಲ ನಕ್ಷೆಯಲ್ಲೂ ಒಂದೇ ಆಗಿರುವ ಮಾತು ಮಾಮೂಲಿ ಟೆಕ್ಸ್ಟ್ ಆಗಿರಲಿ. ನಕ್ಷೆ ಬರೆಯುವವರೇ ತೀರ್ಮಾನಿಸಬೇಕಾದದ್ದು ಆಟ್ರಿಬ್ಯೂಟ್, ಅಂದರೆ ಪ್ರತಿ ಸಲ ಕೇಳಿ ತುಂಬಿಸಿಕೊಳ್ಳುವ ಜಾಗ, ಆಗಲಿ. ನಕ್ಷೆಗೇ ಗೊತ್ತಿರುವುದು, ಅಂದರೆ ವಿಸ್ತೀರ್ಣ, ಫೈಲಿನ ಹೆಸರು, ಸೇವ್ ಮಾಡಿದ ದಿನಾಂಕ, ಇಂಥವು ಫೀಲ್ಡ್, ಅಂದರೆ ಸಾಫ್ಟ್‌ವೇರ್ ತಾನೇ ತುಂಬುವ ಜಾಗ, ಆಗಲಿ. ಈ ವಿಂಗಡಣೆ ಸರಿಯಾದರೆ ಅರ್ಧ ಕೆಲಸ ಮುಗಿದಂತೆ.

ಸಂಪಿನ ಟಿಪ್ಪಣಿಯನ್ನೇ ಮಾಡೋಣ. 'ಆರ್‌ಸಿಸಿ ಸಂಪ್, ಒಳಗೆ ವಾಟರ್‌ಪ್ರೂಫಿಂಗ್' ಎಂಬುದು ಬದಲಾಗದ ಮಾತು, ಎಂಟೆಕ್ಸ್ಟ್‌ನಲ್ಲಿ (ಹಲವು ಸಾಲಿನ ಮಾಮೂಲಿ ಟೆಕ್ಸ್ಟ್) ಬರೆಯಿರಿ. ಅಳತೆ ಮತ್ತು ಲೀಟರ್ ಬದಲಾಗುತ್ತವೆ. ಎ-ಟಿ-ಟಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಆಟ್ರಿಬ್ಯೂಟ್ ಡೆಫಿನಿಷನ್ ಡೈಲಾಗ್ ತೆರೆದುಕೊಳ್ಳುತ್ತದೆ. ಅಲ್ಲಿ ಟ್ಯಾಗ್ ಎಂದರೆ ಸಾಫ್ಟ್‌ವೇರ್ ಗುರುತಿಸುವ ಹೆಸರು. ನಡುವೆ ಸ್ಪೇಸ್ ಬಿಡುವಂತಿಲ್ಲ. ಪ್ರಾಂಪ್ಟ್ ಎಂದರೆ ತುಂಬುವವರಿಗೆ ಕಾಣುವ ಪ್ರಶ್ನೆ. 'ಅಳತೆ' ಎಂದಷ್ಟೇ ಬರೆಯದೆ 'ಸಂಪಿನ ಒಳ ಅಳತೆ, ಉದ್ದ × ಅಗಲ × ಆಳ, ಮಿ.ಮೀ.' ಎಂದು ಬರೆಯಿರಿ. ಆರು ತಿಂಗಳ ನಂತರ ಬೇರೆಯವರು ತುಂಬುವಾಗ ಒಳ ಅಳತೆಯೋ ಹೊರ ಅಳತೆಯೋ ಎಂದು ಕೇಳುವುದು ತಪ್ಪುತ್ತದೆ. ಡಿಫಾಲ್ಟ್ ಜಾಗದಲ್ಲಿ ನಿಜವಾದ ಅಂಕಿ ಹಾಕಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. '2400 × 1800 × 1500' ಎಂದಿದ್ದರೆ ಯಾರೂ ಮುಟ್ಟದೆ ಹಾಗೇ ಬಿಟ್ಟುಬಿಡುತ್ತಾರೆ. 'ಅಳತೆ ತುಂಬಿ' ಎಂದಿದ್ದರೆ ಬಿಟ್ಟುಹೋದದ್ದು ಪ್ರಿಂಟಿನಲ್ಲಿ ಎದ್ದು ಕಾಣುತ್ತದೆ.

ಆಟ್ರಿಬ್ಯೂಟನ್ನು ವಾಕ್ಯದ ನಡುವೆ ಕೂರಿಸಬೇಡಿ. ಅದು ತನ್ನ ಜಾಗದಲ್ಲೇ ನಿಂತಿರುತ್ತದೆ. ಒಳಗಿನ ಅಂಕಿ ಚಿಕ್ಕದಾದರೆ ಮುಂದೆ ಖಾಲಿ ಉಳಿಯುತ್ತದೆ, ದೊಡ್ಡದಾದರೆ ಪಕ್ಕದ ಪದದ ಮೇಲೇರುತ್ತದೆ. 'ಸಾಮರ್ಥ್ಯ, ಲೀಟರ್ : 6480' ಎಂಬಂತೆ ಬೆಲೆ (ತುಂಬಿದ ಅಂಕಿ ಅಥವಾ ಮಾತು) ಸಾಲಿನ ಕೊನೆಗೆ ಬರುವ ಹಾಗೆ ಜೋಡಿಸಿ. ಉದ್ದನೆಯ ಮಾತು ಬೇಕೇ ಬೇಕೆಂದರೆ ಹಲವು ಸಾಲಿನ ಆಟ್ರಿಬ್ಯೂಟ್ ಇದೆ, 2008ರ ಆವೃತ್ತಿಯಿಂದ.

ಕನ್ನಡದಲ್ಲಿ ಬರೆಯುವವರು ಟೆಕ್ಸ್ಟ್ ಸ್ಟೈಲ್‌ಗೆ ತುಂಗಾ ಅಥವಾ ನಿರ್ಮಲಾ ಯುಐ ಫಾಂಟ್ ಕೊಡಿ. ರೋಮನ್ಸ್ ತರಹದ, ಆಟೋಕ್ಯಾಡಿನದೇ ಆದ ಎಸ್‌ಎಚ್‌ಎಕ್ಸ್ ಫಾಂಟುಗಳಲ್ಲಿ ಕನ್ನಡ ಅಕ್ಷರಗಳೇ ಇಲ್ಲ.

ಈಗ ಬ್ಲಾಕ್ ಮಾಡುವುದು, ಅಂದರೆ ಈ ಟೆಕ್ಸ್ಟ್, ಆಟ್ರಿಬ್ಯೂಟ್‌ಗಳನ್ನು ಒಂದೇ ಹೆಸರಿನಡಿ ಕಟ್ಟಿ ಮತ್ತೆ ಮತ್ತೆ ಹಾಕುವಂತೆ ಮಾಡುವುದು. ಬ್ಲಾಕ್ ಕಮಾಂಡ್ ಕೊಟ್ಟು, ಮೊದಲು ಟೆಕ್ಸ್ಟ್, ಆಮೇಲೆ ಆಟ್ರಿಬ್ಯೂಟ್‌ಗಳನ್ನು ಒಂದೊಂದಾಗಿ, ಪ್ರಶ್ನೆ ಯಾವ ಕ್ರಮದಲ್ಲಿ ಬರಬೇಕೋ ಅದೇ ಕ್ರಮದಲ್ಲಿ ಕ್ಲಿಕ್ ಮಾಡಿ. ವಿಂಡೋ ಎಳೆದು ಒಟ್ಟಿಗೆ ಆರಿಸಿದರೆ ಪ್ರಶ್ನೆಗಳು ಹಿಂದುಮುಂದಾಗಬಹುದು. ಆಮೇಲೂ ಬ್ಯಾಟ್‌ಮ್ಯಾನ್ (ಬಿ-ಎ-ಟಿ-ಟಿ-ಎಂ-ಎ-ಎನ್) ಕಮಾಂಡಿನಲ್ಲಿ ಕ್ರಮ ಬದಲಿಸಬಹುದು ಅನ್ನಿ. ಅಟ್‌ಡಯಾ ಎಂಬ ಸೆಟ್ಟಿಂಗ್ 1 ಎಂದಿದ್ದರೆ ಇನ್ಸರ್ಟ್ ಮಾಡಿದಾಗ ಪ್ರಶ್ನೆಗಳೆಲ್ಲ ಒಂದೇ ಡೈಲಾಗಿನಲ್ಲಿ ಬರುತ್ತವೆ. ಆಮೇಲೆ ತಿದ್ದಬೇಕಾದರೆ ಡಬಲ್ ಕ್ಲಿಕ್ ಸಾಕು.

ಇನ್ನು ಫೀಲ್ಡ್. ಇದು 2005ರ ಆವೃತ್ತಿಯಲ್ಲಿ ಬಂತು, ಕೋಣೆಯ ಟಿಪ್ಪಣಿಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಕೋಣೆಯ ಒಳಗೋಡೆಗುಂಟ ಮುಚ್ಚಿದ ಪಾಲಿಲೈನ್ (ತುಂಡಾಗದ ಒಂದೇ ಗೆರೆ) ಎಳೆಯಿರಿ. ಟಿಪ್ಪಣಿಯನ್ನು ಡಬಲ್ ಕ್ಲಿಕ್ ಮಾಡಿ, ವಿಸ್ತೀರ್ಣದ ಬೆಲೆ ಇರುವಲ್ಲಿ ರೈಟ್ ಕ್ಲಿಕ್, ಇನ್ಸರ್ಟ್ ಫೀಲ್ಡ್, ಆಬ್ಜೆಕ್ಟ್ ಆರಿಸಿ ಆ ಪಾಲಿಲೈನನ್ನು ತೋರಿಸಿ, ಏರಿಯಾ ಹಿಡಿಯಿರಿ. ನಕ್ಷೆ ಮಿಲಿಮೀಟರಿನಲ್ಲಿದ್ದರೆ ಕನ್ವರ್ಷನ್ ಫ್ಯಾಕ್ಟರ್ ಚದರ ಮೀಟರಿಗೆ 0.000001, ಚದರಡಿಗೆ 0.0000107639. ಸರಿಯಾಗಿದೆಯೇ ಎಂದು ಪರೀಕ್ಷಿಸಲು ಸೈಟಿನ ಗಡಿಯನ್ನೇ ತೋರಿಸಿ: 9144 × 12192ರ ಆಯತಕ್ಕೆ 111.48 ಚದರ ಮೀಟರ್, 1200 ಚದರಡಿ ಬರಬೇಕು. ಗೋಡೆ ಸರಿಸಿದಾಗ ಪಾಲಿಲೈನನ್ನೂ ಹಿಗ್ಗಿಸಿ, ನಕ್ಷೆಯನ್ನು ಹೊಸದಾಗಿ ತೋರಿಸುವ ರೀಜೆನ್ ಕಮಾಂಡ್ ಕೊಟ್ಟರೆ ಅಂಕಿ ತಾನೇ ಬದಲಾಗುತ್ತದೆ. ಫೀಲ್ಡಿನ ಅಂಕಿಯ ಹಿಂಬದಿಯಲ್ಲಿ ಕಾಣುವ ಬೂದು ಬಣ್ಣ ಪ್ರಿಂಟಿಗೆ ಬರುವುದಿಲ್ಲ. ಪಾಲಿಲೈನ್ ಅಳಿಸಿದರೆ ಅಂಕಿಯ ಜಾಗದಲ್ಲಿ #### ಬೀಳುತ್ತದೆ, ಅದು ಒಳ್ಳೆಯದೇ. ಹಳೇ ಅಂಕಿ ಸುಮ್ಮನೆ ಉಳಿಯುವುದಕ್ಕಿಂತ ಎಷ್ಟೋ ಮೇಲು.

ಎಲ್ಲವನ್ನೂ ಫೀಲ್ಡ್ ಮಾಡುವ ಉತ್ಸಾಹ ಬೇಡ. ಟೈಟಲ್ ಬ್ಲಾಕಿನಲ್ಲಿ (ನಕ್ಷೆಯ ವಿವರಗಳ ಚೌಕ) ಪ್ರಿಂಟ್ ತೆಗೆದ ದಿನಾಂಕ ಫೀಲ್ಡ್ ಆಗಿರಲಿ, ರಿವಿಷನ್ ದಿನಾಂಕ ಮಾತ್ರ ಕೈಯಲ್ಲೇ ತುಂಬಬೇಕಾದ ಆಟ್ರಿಬ್ಯೂಟ್. ಮಾರ್ಚಿನಲ್ಲಿ ಕೊಟ್ಟ ರಿವಿಷನ್ ಜೂನಿನಲ್ಲಿ ಸೇವ್ ಮಾಡಿದಾಗ ಜೂನಿನದ್ದಾಗಿಬಿಟ್ಟರೆ ದಾಖಲೆಯೇ ಸುಳ್ಳಾಗುತ್ತದೆ.

ಬ್ಲಾಕ್ ಎಡಿಟರಿನಲ್ಲಿ ಮಾಮೂಲಿ ಟೆಕ್ಸ್ಟ್ ತಿದ್ದಿದರೆ ನಕ್ಷೆಯಲ್ಲಿರುವ ಎಲ್ಲ ಪ್ರತಿಗಳೂ ತಕ್ಷಣ ಬದಲಾಗುತ್ತವೆ. ಹೊಸ ಆಟ್ರಿಬ್ಯೂಟ್ ಸೇರಿಸಿದರೆ ಹಾಗಲ್ಲ. ಹಳೆಯ ಪ್ರತಿಗಳಿಗೆ ಅದು ತಲುಪಲು ಅಟ್‌ಸಿಂಕ್ ಕಮಾಂಡ್ ಓಡಿಸಬೇಕು. ಆಗ ತುಂಬಿದ ಬೆಲೆಗಳು ಉಳಿಯುತ್ತವೆ, ಕೈಯಲ್ಲಿ ಅತ್ತಿತ್ತ ಸರಿಸಿದ ಜಾಗ ಉಳಿಯುವುದಿಲ್ಲ. ಟ್ಯಾಗಿನ ಹೆಸರನ್ನು ಬದಲಿಸಿ ಸಿಂಕ್ ಮಾಡಿದರಂತೂ ಹಳೇ ಬೆಲೆಯೇ ಹೋಯಿತು, ಏಕೆಂದರೆ ಹೊಂದಾಣಿಕೆ ನಡೆಯುವುದು ಟ್ಯಾಗಿನ ಮೇಲೆಯೇ. ಬಾಗಿಲು-ಕಿಟಕಿ ಪಟ್ಟಿಯನ್ನು, ನಕ್ಷೆಯಿಂದ ಮಾಹಿತಿ ಹೊರತೆಗೆಯುವ ಡೇಟಾ ಎಕ್ಸ್‌ಟ್ರ್ಯಾಕ್ಷನ್‌ನಿಂದ ತೆಗೆಯುವಾಗಲೂ ಟ್ಯಾಗುಗಳೇ ಕಾಲಮ್ ಆಗುತ್ತವೆ; ಆದ್ದರಿಂದ ಆಫೀಸಿನಲ್ಲಿ ಎಲ್ಲರೂ ಒಂದೇ ಹೆಸರು ಬಳಸುವಂತೆ ಮೊದಲೇ ಮಾತಾಡಿಕೊಳ್ಳಿ.

ಬೇರೆಯವರಿಗೆ ಬ್ಲಾಕ್ ಒಡೆದು ಕೊಡಬೇಕಾದಾಗ ಎಕ್ಸ್‌ಪ್ಲೋಡ್ ಬಳಸಬೇಡಿ. ತುಂಬಿದ ಅಂಕಿ ಮಾಯವಾಗಿ ಟ್ಯಾಗಿನ ಹೆಸರು ಮೇಲೆ ಬರುತ್ತದೆ. ಎಕ್ಸ್‌ಪ್ರೆಸ್ ಟೂಲ್ಸ್‌ನಲ್ಲಿರುವ ಬರ್ಸ್ಟ್ ಕಮಾಂಡ್ ಆ ಅಂಕಿಯನ್ನು ಟೆಕ್ಸ್ಟ್ ಆಗಿ ಉಳಿಸಿಕೊಡುತ್ತದೆ.