ಕಷ್ಟಕ್ಕೆ ಆಗುವವರು ಇದ್ದಾರೆಯೇ?

ಫಿನ್ಲೆಂಡಿನ ಸಂತೋಷದ ಗುಟ್ಟನ್ನು ಅಲ್ಲಿ ಹುಟ್ಟಿದವರಿಗಿಂತ ಅಲ್ಲಿಗೆ ವಲಸೆ ಹೋದವರೇ ಚೆನ್ನಾಗಿ ಬಿಡಿಸಿಕೊಟ್ಟಿದ್ದಾರೆ. ದೇಶಗಳನ್ನು ಸಂತೋಷದ ಮೇರೆಗೆ ಪಟ್ಟಿಮಾಡಿ ಫಿನ್ಲೆಂಡನ್ನು ಮೊದಲಿಗಿಟ್ಟ 2018ರ ವಿಶ್ವ ಸಂತೋಷ ವರದಿ ವಲಸಿಗರ ನೆಮ್ಮದಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿತು. 117 ದೇಶಗಳ ಆ ಪಟ್ಟಿಯಲ್ಲಿಯೂ ಮೊದಲು ಬಂದದ್ದು ಫಿನ್ಲೆಂಡೇ. ಹೊರಗಿನಿಂದ ಬಂದವರ ಸಂತೋಷ ಬಹುಮಟ್ಟಿಗೆ ನೆಲೆಸಿದ ನಾಡಿನವರ ಮಟ್ಟಕ್ಕೆ ಹತ್ತಿರವಾಗುತ್ತದೆ. ಹಾಗಾದರೆ ಅದು ರಕ್ತದಲ್ಲಿ ಬಂದ ಗುಣವಲ್ಲ.

ಈ ಅಳತೆಯ ಹಿಂದಿರುವುದು ಒಂದು ಏಣಿ. ಅಮೆರಿಕದ ಮನೋವಿಜ್ಞಾನಿ ಹ್ಯಾಡ್ಲಿ ಕ್ಯಾಂಟ್ರಿಲ್ 1960ರ ದಶಕದಲ್ಲಿ ಬಳಕೆಗೆ ತಂದದ್ದು. ತುದಿಯ ಹತ್ತನೆಯ ಮೆಟ್ಟಿಲು ನಿಮಗೆ ಸಿಗಬಹುದಾದ ಅತ್ಯುತ್ತಮ ಬದುಕು, ಬುಡದ ಸೊನ್ನೆ ತೀರಾ ಕೆಟ್ಟದ್ದು. ಈಗ ನೀವು ಎಲ್ಲಿ ನಿಂತಿದ್ದೀರಿ? ಇಷ್ಟೇ ಪ್ರಶ್ನೆ. ಇದು ನಗುವನ್ನು ಎಣಿಸುವುದಿಲ್ಲ, ತನ್ನ ಬಾಳಿಗೆ ಮನುಷ್ಯ ತಾನೇ ಕೊಡುವ ತೀರ್ಪನ್ನು ಕೇಳುತ್ತದೆ.

2018ರಿಂದ 2025ರವರೆಗೆ ಸತತವಾಗಿ ಮೊದಲಿಗರಾದ ಈ ಫಿನ್ನರು ಯಾರು? 1866-68ರ ಕ್ಷಾಮದಲ್ಲಿ ಜನಸಂಖ್ಯೆಯ ಸುಮಾರು ನೂರಕ್ಕೆ ಎಂಟರಷ್ಟು ಮಂದಿಯನ್ನು ಕಳೆದುಕೊಂಡವರು. 1918ರಲ್ಲಿ ತಮ್ಮೊಳಗೇ ಯುದ್ಧ ಮಾಡಿ ಕೊಂದುಕೊಂಡವರು. 1990ರ ಹೊತ್ತಿಗೂ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಸರ್ಕಾರವೇ ಮುಂದೆ ನಿಂತು ರಾಷ್ಟ್ರವ್ಯಾಪಿ ತಡೆ ಯೋಜನೆ ನಡೆಸಿತು. ಮುಂದಿನ ದಶಕಗಳಲ್ಲಿ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ನೆಮ್ಮದಿಯನ್ನು ಅವರು ಕಟ್ಟಿಕೊಂಡರು ಎಂದು ನಾನು ಹೇಳುವುದು ಇದಕ್ಕೇ.

ಹಣ ಬೇಡವೇ? ಖಂಡಿತ ಬೇಕು. ಆದರೂ 2025ರ ಪಟ್ಟಿಯಲ್ಲಿ ಮೆಕ್ಸಿಕೊ 10ನೆಯದು, ಅದಕ್ಕಿಂತ ಎಷ್ಟೋ ಸಿರಿವಂತವಾದ ಅಮೆರಿಕ 24ನೆಯದು. ಮೆಕ್ಸಿಕೊದಲ್ಲಿ ನಾಲ್ಕೈದು ಜನ ಒಟ್ಟಿಗಿರುವ ಮನೆಗಳವರೇ ಹೆಚ್ಚು ಸುಖಿಗಳು. ಸಮೀಕ್ಷೆಯ ಇನ್ನೊಂದು ಪ್ರಶ್ನೆಯೂ ಇದನ್ನೇ ತಡವುತ್ತದೆ: ಕಷ್ಟ ಬಂದಾಗ ನಿಮಗೆ ಆಗುವ ನೆಂಟರು, ಸ್ನೇಹಿತರು ಇದ್ದಾರೆಯೇ?

ಮನೆತುಂಬ ಜನರಿರುವ ನಾಡು ನಮ್ಮದೂ ಹೌದು. ಆದರೆ 2025ರ ಆ ಪಟ್ಟಿಯ 147 ದೇಶಗಳ ನಡುವೆ ನಾವು 118ನೆಯವರಾಗಿದ್ದೆವು. ಬಡತನ, ಆರೋಗ್ಯ, ಭ್ರಷ್ಟಾಚಾರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ನಿಜ. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಮಾತ್ರ ಹೊಸಿಲಿನಾಚೆಯ ನಂಬಿಕೆಯ ಮೇಲೆ. ಬೀದಿಯಲ್ಲಿ ಬಿದ್ದ ನಿಮ್ಮ ಹಣದ ಚೀಲ ಅಪರಿಚಿತನ ಕೈಗೆ ಸಿಕ್ಕರೆ ನಿಮಗೆ ಮರಳುತ್ತದೆಯೇ? ಹೌದು ಎಂಬ ನಂಬಿಕೆ ಫಿನ್ಲೆಂಡೂ ಸೇರಿದ ಉತ್ತರ ಯುರೋಪಿನ ನಾರ್ಡಿಕ್ ದೇಶಗಳಲ್ಲಿ ಗಟ್ಟಿಯಾಗಿದೆ, ಆ ನಂಬಿಕೆ ಇದ್ದವರು ಏಣಿಯಲ್ಲೂ ಮೇಲಿದ್ದಾರೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 40 ದೇಶಗಳಲ್ಲಿ 17,000ಕ್ಕೂ ಹೆಚ್ಚು ಚೀಲಗಳನ್ನು ಕಳೆದುಹೋದವೆಂಬಂತೆ ಒಪ್ಪಿಸಿ ನೋಡಿದರು. ಬಹುತೇಕ ಎಲ್ಲ ದೇಶಗಳಲ್ಲೂ ಹಣವಿಲ್ಲದ ಚೀಲಕ್ಕಿಂತ ಹಣವಿದ್ದ ಚೀಲವನ್ನೇ ಜನ ಹೆಚ್ಚಾಗಿ ಮರಳಿಸಲು ಮುಂದಾದರು.